ಎರಡು ನಿಮಿಷಕ್ಕೊಂದು ಕಲ್ಲು: ಪಿರಮಿಡ್ ಕಟ್ಟಿದ್ದು ಹೇಗೆ?

ಪ್ರಶ್ನೆ: ನನ್ನ ಮಗ ಒಂಬತ್ತನೇ ಕ್ಲಾಸು. ಮೊಬೈಲಿನಲ್ಲಿ ಒಂದು ವಿಡಿಯೋ ನೋಡಿದಾಗಿನಿಂದ ಪಿರಮಿಡ್ ಕಟ್ಟಿದ್ದು ಮನುಷ್ಯರೇ ಅಲ್ಲ ಎಂದು ವಾದ ಮಾಡುತ್ತಾನೆ. 23 ಲಕ್ಷ ಕಲ್ಲು, 20 ವರ್ಷ, ಅಂದರೆ ಎರಡು ನಿಮಿಷಕ್ಕೊಂದು ಕಲ್ಲು ಕೂರಿಸಬೇಕಿತ್ತಂತೆ. ಕಬ್ಬಿಣದ ಉಳಿ ಇಲ್ಲ, ಗಾಡಿ ಇಲ್ಲ, ಕ್ರೇನ್ ಇಲ್ಲ. ನನಗೂ ಉತ್ತರ ಹೊಳೆಯಲಿಲ್ಲ. ನಾವು ಓದುವಾಗ ಗುಲಾಮರನ್ನು ಚಾಟಿಯಲ್ಲಿ ಹೊಡೆದು ಕಟ್ಟಿಸಿದರು ಎಂದು ಹೇಳಿಕೊಟ್ಟಿದ್ದರು. ನಿಜವಾಗಿ ಹೇಗೆ ಕಟ್ಟಿರಬಹುದು?

ಉತ್ತರ: ನಿಮ್ಮ ಮಗನ ಲೆಕ್ಕ ತಪ್ಪಿಲ್ಲ. ಮೊದಲು ಅದನ್ನೇ ಅವನಿಗೆ ಹೇಳಿಬಿಡಿ, ಮುಂದಿನ ಮಾತು ಕೇಳುವ ಮನಸ್ಸು ಬರುತ್ತದೆ. ಗೀಜಾದ ದೊಡ್ಡ ಪಿರಮಿಡ್, ಅಂದರೆ ದೊರೆ ಖುಫುವಿನ ಪಿರಮಿಡ್, ಕ್ರಿ.ಪೂ. 2560ರ ಆಸುಪಾಸಿನದು. ಅದರಲ್ಲಿ ಸುಮಾರು 23 ಲಕ್ಷ ಕಲ್ಲುಗಳಿವೆ ಎಂಬುದು ಹೆಚ್ಚಿನವರು ಒಪ್ಪುವ ಅಂದಾಜು. ಒಂದೊಂದರ ಸರಾಸರಿ ತೂಕ ಎರಡೂವರೆ ಟನ್. 20 ವರ್ಷ ರಜೆ ಇಲ್ಲದೆ ಕೆಲಸ ನಡೆಯಿತು ಎಂದರೆ ದಿನಕ್ಕೆ 315 ಕಲ್ಲು. ದಿನಕ್ಕೆ ಹತ್ತು ಗಂಟೆ ಎಂದು ಹಿಡಿದರೆ ಎರಡು ನಿಮಿಷಕ್ಕೊಂದು. ಸರಿಯಾಗೇ ಇದೆ.

ಆದರೆ ಆ ವಿಡಿಯೋದಲ್ಲಿ ಒಂದು ಕೈಚಳಕ ಇದೆ. "ಎರಡು ನಿಮಿಷಕ್ಕೊಂದು" ಎಂದ ಕೂಡಲೇ ಒಂದೇ ಗುಂಪು ಒಂದೇ ಕಲ್ಲಿನ ಸುತ್ತ ಓಡಾಡುವುದು ಕಣ್ಣಿಗೆ ಬರುತ್ತದೆ. ಮದುವೆ ಮನೆಯನ್ನು ನೆನಪಿಸಿಕೊಳ್ಳಿ. ಎರಡು ಗಂಟೆಯಲ್ಲಿ ಸಾವಿರ ಜನರ ಊಟ ಆಗುತ್ತದೆ. ಏಳು ಸೆಕೆಂಡಿಗೊಬ್ಬರು ಉಂಡು ಎದ್ದರು ಎಂದರೆ ಯಾರಾದರೂ ನಂಬುತ್ತಾರಾ? ಪಂಕ್ತಿ ಹಾಕಿದ್ದರು ಎಂದರೆ ಎಲ್ಲರೂ ನಂಬುತ್ತಾರೆ. ಪಿರಮಿಡ್ ಕೂಡ ಪಂಕ್ತಿಯ ಕೆಲಸ. ಅದರ ಪಾದದ ಒಂದೊಂದು ಬದಿ 230 ಮೀಟರ್. ಮೊದಲ ವರಸೆಯ ಜಾಗವೇ ಹದಿಮೂರು ಎಕರೆ. ಅಷ್ಟು ಬಯಲಿನಲ್ಲಿ ನೂರಾರು ತಂಡಗಳು ಒಬ್ಬರಿಗೊಬ್ಬರು ಅಡ್ಡ ಬರದೆ ಕೆಲಸ ಮಾಡಬಹುದು.

ಈಗ ಒಂದು ತಂಡಕ್ಕೆ ಎಷ್ಟು ಜನ ಬೇಕು ಎಂಬ ಪ್ರಶ್ನೆ. ಇದಕ್ಕೆ ಈಜಿಪ್ಟಿನವರೇ ಒಂದು ಚಿತ್ರ ಬಿಡಿಸಿಟ್ಟು ಹೋಗಿದ್ದಾರೆ. ಜೆಹುತಿಹೊಟೆಪ್ ಎಂಬ ಅಧಿಕಾರಿಯ ಸಮಾಧಿಯ ಗೋಡೆಯಲ್ಲಿ ಅದು ಇದೆ. ಪಿರಮಿಡ್ ಕಾಲಕ್ಕಿಂತ ಆರೇಳು ನೂರು ವರ್ಷ ಈಚಿನದು, ಆದರೆ ಕೆಲಸದ ರೀತಿ ಅದೇ. ಒಂದು ಭಾರಿ ವಿಗ್ರಹವನ್ನು ಮರದ ಜಾರುಬಂಡಿಗೆ, ಅಂದರೆ ಚಕ್ರವಿಲ್ಲದೆ ನೆಲದ ಮೇಲೆ ಜಾರುವ ಬಂಡಿಗೆ, ಹಗ್ಗದಿಂದ ಬಿಗಿದಿದ್ದಾರೆ. 172 ಜನ ಸಾಲು ಹಿಡಿದು ಎಳೆಯುತ್ತಿದ್ದಾರೆ. ವಿಗ್ರಹದ ಮಂಡಿಯ ಮೇಲೆ ಒಬ್ಬ ನಿಂತು ಚಪ್ಪಾಳೆ ತಟ್ಟಿ ತಾಳ ಕೊಡುತ್ತಿದ್ದಾನೆ. ತೇರು ಎಳೆದವರಿಗೆ ಆ ಮನುಷ್ಯನ ಬೆಲೆ ಗೊತ್ತು. ಮೊದಲ ಜಗ್ಗು ಎಲ್ಲರದ್ದೂ ಒಟ್ಟಿಗೆ ಬೀಳದಿದ್ದರೆ ತೇರು ಅಲ್ಲಾಡುವುದಿಲ್ಲ ಅಲ್ವಾ?

ಅದೇ ಚಿತ್ರದಲ್ಲಿ ಜಾರುಬಂಡಿಯ ಮುಂತುದಿಯಲ್ಲಿ ನಿಂತು ಒಬ್ಬ ನೆಲಕ್ಕೆ ನೀರು ಸುರಿಯುತ್ತಿದ್ದಾನೆ. ಇದು ಯಾವುದೋ ಪೂಜೆ ಪುನಸ್ಕಾರ ಇರಬೇಕು ಎಂದು ಬಹಳ ಕಾಲ ಅಂದುಕೊಂಡಿದ್ದರು. 2014ರಲ್ಲಿ ಆಮ್‌ಸ್ಟರ್‌ಡ್ಯಾಮ್ ವಿಶ್ವವಿದ್ಯಾಲಯದ ಭೌತವಿಜ್ಞಾನಿಗಳು ಪ್ರಯೋಗ ಮಾಡಿ ನೋಡಿದರು. ಒಣ ಮರಳಿನಲ್ಲಿ ಜಾರುಬಂಡಿ ಎಳೆದರೆ ಅದರ ಮೂತಿಯ ಮುಂದೆ ಮರಳು ಗುಡ್ಡೆಯಾಗುತ್ತದೆ. ಅಳತೆಯಾಗಿ ನೀರು ಹಾಕಿದರೆ ಮರಳಿನ ಕಣಗಳು ಒಂದಕ್ಕೊಂದು ಅಂಟಿ ನೆಲ ಗಟ್ಟಿಯಾಗುತ್ತದೆ. ಎಳೆಯಲು ಬೇಕಾದ ಬಲ ಅರ್ಧಕ್ಕೆ ಇಳಿಯುತ್ತದೆ. ಗಾಡಿಯ ಚಕ್ರ ಏಕೆ ಬಳಸಲಿಲ್ಲ ಎಂಬುದಕ್ಕೂ ಇಲ್ಲೇ ಉತ್ತರ ಇದೆ. ಎರಡೂವರೆ ಟನ್ ಭಾರ ಹೊತ್ತ ಮರದ ಚಕ್ರ ಮರಳಿನಲ್ಲಿ ಹೂತುಕೊಳ್ಳುತ್ತದೆ. ಅಗಲವಾದ ಜಾರುಬಂಡಿ ಹೂತುಕೊಳ್ಳುವುದಿಲ್ಲ.

ಆ ವಿಗ್ರಹದ ತೂಕ ಸುಮಾರು 58 ಟನ್ ಎಂದು ಅಂದಾಜು ಮಾಡಿದ್ದಾರೆ. 172ರಿಂದ ಭಾಗಿಸಿದರೆ ಒಬ್ಬೊಬ್ಬನ ಪಾಲಿಗೆ ಒಂದು ಟನ್ನಿನ ಮೂರನೇ ಒಂದು ಭಾಗ. ಅಂದರೆ ಸಮತಟ್ಟು ನೆಲದಲ್ಲಿ ಎರಡೂವರೆ ಟನ್ನಿನ ಕಲ್ಲಿಗೆ ಎಂಟು ಜನ ಸಾಕು. ಏರುದಾರಿ, ಬಿಸಿಲು, ಸುಸ್ತು ಎಲ್ಲ ಸೇರಿಸಿ ಇಪ್ಪತ್ತು ಜನ ಎಂದುಕೊಳ್ಳೋಣ. ಕಲ್ಲು ತೆಗೆದ ಮುಖ್ಯ ಕ್ವಾರಿ ಪಿರಮಿಡ್‌ನಿಂದ ಕೆಲವೇ ನೂರು ಮೀಟರ್ ದಕ್ಷಿಣಕ್ಕಿದೆ, ಇವತ್ತಿಗೂ ನೋಡಬಹುದು. ಒಂದು ತಂಡ ದಿನಕ್ಕೆ ನಾಲ್ಕೇ ಕಲ್ಲು ತಂದರೂ 80 ತಂಡ ಸಾಕು. 1,600 ಜನ. ಹೆದರಿಸುವ ಸಂಖ್ಯೆ ಎಲ್ಲಿ ಹೋಯಿತು ನೋಡಿ.

ಕಲ್ಲು ಕಡಿಯುವ ಕೆಲಸಕ್ಕೂ ಹೀಗೇ ಲೆಕ್ಕ ಹಾಕಬಹುದು. 1991ರಲ್ಲಿ ಪುರಾತತ್ವಜ್ಞ ಮಾರ್ಕ್ ಲೇನರ್ ಮತ್ತು ಕಲ್ಲಿನ ಕೆಲಸದ ರೋಜರ್ ಹಾಪ್ಕಿನ್ಸ್ ಸೇರಿ ಗೀಜಾದಲ್ಲಿ ಒಂದು ಪುಟ್ಟ ಪಿರಮಿಡ್ ಕಟ್ಟಿ ನೋಡಿದರು. 12 ಜನ ಕಲ್ಲುಕುಟಿಗರು 22 ದಿನದಲ್ಲಿ 186 ಕಲ್ಲು ತೆಗೆದುಕೊಟ್ಟರು. ಅವರ ಹತ್ತಿರ ಕಬ್ಬಿಣದ ಉಪಕರಣ ಇತ್ತು, ಕಲ್ಲು ಎಳೆಯಲು ಕಬ್ಬಿಣದ ಹಗ್ಗದ ರಾಟೆಯೂ ಇತ್ತು. ಆ ಅನುಕೂಲ ಕಳೆದು ಜನರನ್ನು ಐದು ಪಟ್ಟು ಮಾಡಿದರೂ ದಿನಕ್ಕೆ 315 ಕಲ್ಲಿಗೆ ಎರಡು ಸಾವಿರ ಚಿಲ್ಲರೆ ಜನ ಆಗುತ್ತಾರೆ. ಸುಣ್ಣದ ಕಲ್ಲು ಮೆತ್ತಗಿನದು, ತಾಮ್ರದ ಉಳಿಗೂ ಬಗ್ಗುತ್ತದೆ. ಉಳಿ ಬೇಗ ಮೊಂಡಾಗುತ್ತದೆ, ಅಷ್ಟೇ. ಹಾಗಾಗಿ ಉಳಿ ಹದ ಮಾಡುವವರೇ ಒಂದು ಪಡೆ ಇರಬೇಕಿತ್ತು.

ಗ್ರಾನೈಟ್ ವಿಷಯ ಬೇರೆ. ಖುಫುವಿನ ಸಮಾಧಿ ಕೋಣೆಯ ಮೇಲಿನ ತೊಲೆಗಳು ಗ್ರಾನೈಟಿನವು. ದೊಡ್ಡವು 50 ಟನ್ನಿಗೂ ಹೆಚ್ಚು. ಬಂದದ್ದು ಸುಮಾರು 800 ಕಿಲೋಮೀಟರ್ ದೂರದ ಅಸ್ವಾನ್‌ನಿಂದ. ಅಲ್ಲಿ ತಾಮ್ರ ನಡೆಯುವುದಿಲ್ಲ. ಡೋಲರೈಟ್ ಎಂಬ ಇನ್ನೂ ಗಟ್ಟಿ ಕಲ್ಲಿನ ಗುಂಡುಗಳನ್ನು ಎರಡೂ ಕೈಯಲ್ಲಿ ಹಿಡಿದು ಕುಟ್ಟಿ ಕುಟ್ಟಿ ಪುಡಿ ಮಾಡುತ್ತಿದ್ದರು. ಆ ಗುಂಡುಗಳು ಅಸ್ವಾನ್‌ನ ಕ್ವಾರಿಯಲ್ಲಿ ರಾಶಿ ರಾಶಿ ಸಿಕ್ಕಿವೆ. ಕೊಯ್ಯಬೇಕಾದಾಗ ತಾಮ್ರದ ಗರಗಸದ ಕೆಳಗೆ ಮರಳು ಹಾಕಿ ಎಳೆಯುತ್ತಿದ್ದರು. ಕೊಯ್ಯುವುದು ಮರಳು, ತಾಮ್ರ ಸುಮ್ನೆ ಅದನ್ನು ಹಿಂದೆ ಮುಂದೆ ತಳ್ಳುತ್ತದೆ. ನಿಧಾನದ ಕೆಲಸ. ಆದರೆ ಇಡೀ ಪಿರಮಿಡ್‌ನಲ್ಲಿ ಗ್ರಾನೈಟ್ ಇರುವುದು ಬಹಳ ಕಡಿಮೆ.

ಈಗ ಎಲ್ಲರೂ ಕೇಳುವ ಮಾತಿಗೆ ಬರೋಣ: ಮೇಲಕ್ಕೆ ಹೇಗೆ ಏರಿಸಿದರು?

ಇಲ್ಲಿ ಮಗನ ಕೈಗೆ ಪೆನ್ಸಿಲ್ ಕೊಡಿ. ಪಿರಮಿಡ್ ಮೇಲಕ್ಕೆ ಹೋದಂತೆ ಸಣ್ಣದಾಗುತ್ತದೆ. ಎತ್ತರದ ಮೂರನೇ ಒಂದು ಭಾಗದ ತನಕ ಕಟ್ಟಿದರೆ ಎಷ್ಟು ಕೆಲಸ ಮುಗಿದಂತೆ? ಮೇಲೆ ಉಳಿಯುವುದು ಮೂರರಲ್ಲಿ ಎರಡರಷ್ಟು ಎತ್ತರದ ಪುಟ್ಟ ಪಿರಮಿಡ್. ಅದರ ಗಾತ್ರ 27ರಲ್ಲಿ 8 ಪಾಲು. ಅಂದರೆ ಕೆಳಗಿನ 49 ಮೀಟರಿನಲ್ಲೇ ನೂರಕ್ಕೆ 70ರಷ್ಟು ಕಲ್ಲು ಮುಗಿದಿರುತ್ತದೆ. ಅರ್ಧ ಎತ್ತರಕ್ಕೆ ಬಂದಾಗ ನೂರಕ್ಕೆ 87 ಮುಗಿದಿರುತ್ತದೆ. ತುದಿಯ ಕಾಲು ಭಾಗದಲ್ಲಿ ಇರುವುದು ನೂರಕ್ಕೆ ಎರಡಕ್ಕಿಂತ ಕಡಿಮೆ. 146 ಮೀಟರ್ ಎತ್ತರಕ್ಕೆ 23 ಲಕ್ಷ ಕಲ್ಲು ಎತ್ತಿದರು ಎನ್ನುವ ಮಾತು ಆದ್ದರಿಂದ ಶುದ್ಧ ಸುಳ್ಳು. ಬಹುಪಾಲು ಕಲ್ಲುಗಳು ಹದಿನೈದು ಮಹಡಿಯ ಕಟ್ಟಡದಷ್ಟು ಎತ್ತರವನ್ನೂ ದಾಟಿಲ್ಲ. ನನ್ನ ಮಟ್ಟಿಗೆ ಪಿರಮಿಡ್ ಗುಟ್ಟಿನಲ್ಲಿ ಅರ್ಧದಷ್ಟು ಈ ಒಂದು ಲೆಕ್ಕದಲ್ಲೇ ಇದೆ. ಯಾವ ವಿಡಿಯೋದಲ್ಲೂ ಇದನ್ನು ಹೇಳುವುದಿಲ್ಲ.

ಕೆಳಭಾಗಕ್ಕೆ ನೇರವಾದ ಒಂದು ಏರುದಾರಿ ಸಾಕು. ಕ್ವಾರಿಯಲ್ಲಿ ಬೀಳುವ ಕಲ್ಲಿನ ಚೂರು, ಜೇಡಿಮಣ್ಣು, ಜಿಪ್ಸಮ್ ಸೇರಿಸಿ ಕಟ್ಟಿದ ರ‍್ಯಾಂಪ್. ಆ ಚೂರುಗಳೆಲ್ಲ ಕೆಲಸ ಮುಗಿದ ಮೇಲೆ ಕ್ವಾರಿಯ ಗುಂಡಿಗೇ ವಾಪಸ್ ಹೋಗಿ ಬಿದ್ದಿವೆ. ತುದಿಯ ತನಕ ಒಂದೇ ನೇರ ರ‍್ಯಾಂಪ್ ಕಟ್ಟಿದ್ದರೆ ಮಾತ್ರ ಕಷ್ಟ. ನೂರು ಮೀಟರಿಗೆ ಎಂಟು ಮೀಟರ್ ಏರು ಎಂದರೆ ದಾರಿಯ ಉದ್ದ 1,800 ಮೀಟರ್ ದಾಟುತ್ತದೆ. ಪಿರಮಿಡ್ ಕಟ್ಟುವಷ್ಟೇ ಕೆಲಸ ರ‍್ಯಾಂಪಿಗೂ ಬೀಳುತ್ತದೆ. ಹಾಗಾಗಿ ಮೇಲ್ಭಾಗಕ್ಕೆ ಬೇರೆ ಉಪಾಯ ಮಾಡಿರಬೇಕು. ಪಿರಮಿಡ್ಡಿನ ಮೈಗೆ ಒತ್ತಿಕೊಂಡು ಸುತ್ತು ಹಾಕಿ ಏರುವ ದಾರಿ ಎಂದು ಹಲವರು ಹೇಳುತ್ತಾರೆ. ಫ್ರಾನ್ಸಿನ ವಾಸ್ತುಶಿಲ್ಪಿ ಜಾನ್-ಪಿಯರ್ ಉದಾನ್, ಆ ಸುತ್ತುದಾರಿ ಪಿರಮಿಡ್ಡಿನ ಒಳಗೇ ಇದೆ ಎನ್ನುತ್ತಾರೆ. ನನಗೆ ಅದು ಚಂದದ ಕಲ್ಪನೆ ಎನಿಸುತ್ತದೆ, ಸಾಕ್ಷಿ ಸಾಲದು. ನೇರ ರ‍್ಯಾಂಪ್ ಜೊತೆಗೆ ಮೇಲೆ ಸುತ್ತುದಾರಿ, ಕಟ್ಟಕಡೆಯ ಕೆಲವು ಮೀಟರಿಗೆ ಸನ್ನೆಗೋಲು: ಇಷ್ಟು ಸೇರಿಸಿದರೆ ಲೆಕ್ಕ ಕೂಡುತ್ತದೆ.

2018ರಲ್ಲಿ ಒಂದು ಒಳ್ಳೆಯ ಸಾಕ್ಷಿ ಸಿಕ್ಕಿತು. ಹತ್‌ನೂಬ್ ಎಂಬಲ್ಲಿನ ಅಲಬಾಸ್ಟರ್ ಕ್ವಾರಿಯಲ್ಲಿ ಫ್ರಾನ್ಸ್ ಮತ್ತು ಇಂಗ್ಲೆಂಡಿನ ತಂಡ ಒಂದು ಕಡಿದಾದ ಏರುದಾರಿಯನ್ನು ಗುರುತಿಸಿತು. ಖುಫುವಿನ ಕಾಲದ್ದು. ದಾರಿಯ ಎರಡೂ ಬದಿಗೆ ಮೆಟ್ಟಿಲು, ಮೆಟ್ಟಿಲ ಪಕ್ಕ ದಪ್ಪ ಮರದ ಕಂಬ ನೆಟ್ಟ ಕುಳಿಗಳು. ಜಾರುಬಂಡಿಯ ಹಗ್ಗವನ್ನು ಕಂಬಕ್ಕೆ ಸುತ್ತಿ ಎಳೆದರೆ ಮೇಲಿರುವವರೂ ಎಳೆಯಬಹುದು, ಕೆಳಗಿರುವವರೂ ಎಳೆಯಬಹುದು. ಬಾವಿಯಿಂದ ನೀರು ಸೇದುವಾಗ ಹಗ್ಗವನ್ನು ಕೆಳಕ್ಕೆ ಎಳೆದರೆ ಕೊಡ ಮೇಲಕ್ಕೆ ಬರುವುದಿಲ್ಲವೇ, ಹಾಗೆ. ಇಷ್ಟು ಕಡಿದಾದ ದಾರಿಯಲ್ಲೂ ಭಾರ ಏರಿಸಲು ಅವರಿಗೆ ಬರುತ್ತಿತ್ತು ಎಂದಾದರೆ ರ‍್ಯಾಂಪ್ ಮೈಲುಗಟ್ಟಲೆ ಉದ್ದ ಇರಬೇಕಿಲ್ಲ.

ಕಾಂಕ್ರೀಟಿನಂತೆ ಕಲ್ಲುಗಳನ್ನೂ ಅಚ್ಚಿಗೆ ಹೊಯ್ದರು ಎಂಬ ವಾದವೂ ಕಿವಿಗೆ ಬಿದ್ದಿರಬಹುದು. ಅದನ್ನು ನಂಬಬೇಡಿ. ಆ ಸುಣ್ಣದ ಕಲ್ಲಿನೊಳಗೆ ನಾಣ್ಯದಂತಿರುವ ಪುಟ್ಟ ಸಮುದ್ರಜೀವಿಗಳ ಪಳೆಯುಳಿಕೆಗಳು ಇಡಿಯಾಗಿವೆ, ಪಕ್ಕದ ಕ್ವಾರಿಯ ಕಲ್ಲಿನಲ್ಲೂ ಅವೇ ಇವೆ. ಎರಡು ಸಾವಿರ ವರ್ಷದ ಹಿಂದೆ ಅಲ್ಲಿಗೆ ಹೋಗಿದ್ದ ಗ್ರೀಕ್ ಲೇಖಕ ಸ್ಟ್ರಾಬೊಗೆ ಅಲ್ಲಿಯ ಜನ, ಇವು ಕೂಲಿಯವರು ತಿಂದು ಬಿಟ್ಟ ಬೇಳೆ, ಕಲ್ಲಾಗಿಬಿಟ್ಟಿದೆ ಎಂದು ಹೇಳಿದ್ದರಂತೆ.

ಇಷ್ಟೆಲ್ಲ ನೋಡಿದ ಮೇಲೆ ನನಗೆ ಅನಿಸುವುದು ಇದು: ಕಲ್ಲು ಎತ್ತುವುದು ಪಿರಮಿಡ್ಡಿನ ದೊಡ್ಡ ಕಷ್ಟ ಆಗಿರಲಿಲ್ಲ. ಬೆಳಿಗ್ಗೆ ಎದ್ದರೆ ಸಾವಿರಾರು ಜನರಿಗೆ ರೊಟ್ಟಿ ಬೇಕು, ಹಗ್ಗ ಬೇಕು, ಮರ ಬೇಕು, ಉಳಿಗೆ ತಾಮ್ರ ಬೇಕು. ಯಾವ ತಂಡ ಎಲ್ಲಿದೆ, ಎಷ್ಟು ತಂದಿತು, ಎಷ್ಟು ಕೊಡಬೇಕು ಎಂದು ಬರೆದಿಡುವವರು ಬೇಕು. ಈ ಮಾತಿಗೆ ಸಾಕ್ಷಿ ಇಲ್ಲದ ಕಾಲ ಒಂದಿತ್ತು. 2013ರಲ್ಲಿ ಅದು ಸಿಕ್ಕಿತು.

ಕೆಂಪು ಸಮುದ್ರದ ದಡದಲ್ಲಿ ವಾದಿ ಎಲ್-ಜರ್ಫ್ ಎಂಬ ಹಳೆಯ ಬಂದರು ಇದೆ. ತಾಮ್ರಕ್ಕಾಗಿ ಸಿನಾಯ್‌ಗೆ ದೋಣಿಗಳು ಹೊರಡುತ್ತಿದ್ದುದು ಅಲ್ಲಿಂದ. ಅಲ್ಲಿಯ ಗುಹೆಗಳ ಬಾಯಿಗೆ ಅಡ್ಡ ಇಟ್ಟ ಬಂಡೆಗಳ ನಡುವೆ ಫ್ರಾನ್ಸಿನ ಪಿಯರ್ ತಾಲೆ ಅವರ ತಂಡಕ್ಕೆ ಪಪೈರಸ್, ಅಂದರೆ ಜೊಂಡಿನಿಂದ ಮಾಡಿದ ಹಳೆಯ ಕಾಲದ ಕಾಗದದ ಚೂರುಗಳು ಸಿಕ್ಕವು. ಬರಹ ಇರುವ ಪಪೈರಸ್‌ಗಳಲ್ಲಿ ಇವತ್ತಿನ ತನಕ ಸಿಕ್ಕಿರುವ ಅತ್ಯಂತ ಹಳೆಯವು ಇವೇ. ಅದರಲ್ಲಿ ಒಂದು, ಮೆರೆರ್ ಎಂಬ ಮೇಲ್ವಿಚಾರಕನ ಲೆಕ್ಕದ ಪುಸ್ತಕ. ಅವನ ಕೈಕೆಳಗೆ ಸುಮಾರು 40 ಜನ. ಖುಫುವಿನ ಆಳ್ವಿಕೆಯ ಕೊನೆಯ ವರ್ಷಗಳು.

ಮೇಲೆ ಸಾಲಾಗಿ ದಿನಗಳು, ಕೆಳಗೆ ಆಯಾ ದಿನದ ಕೆಲಸ. ಇವತ್ತು ತೂರಾದಲ್ಲಿ ತಂಡದ ಜೊತೆ ಕಲ್ಲು ತುಂಬಿದೆ. ಮಾರನೆಯ ದಿನ ದೋಣಿ ಹೊರಟಿತು. ರಾತ್ರಿ ಇಂಥ ಕಡೆ ತಂಗಿದೆವು. ಮರುದಿನ 'ಅಖೇತ್ ಖುಫು' ತಲುಪಿದೆವು. ಅಖೇತ್ ಖುಫು ಎಂದರೆ ಖುಫುವಿನ ದಿಗಂತ, ದೊಡ್ಡ ಪಿರಮಿಡ್ಡಿಗೆ ಅವರೇ ಇಟ್ಟಿದ್ದ ಹೆಸರು. ತೂರಾ ಇರುವುದು ನೈಲ್ ನದಿಯ ಆಚೆ ದಡದಲ್ಲಿ. ಪಿರಮಿಡ್ಡಿನ ಹೊರಮೈಗೆ ಹೊದಿಸಿದ ನಯವಾದ ಬಿಳಿ ಸುಣ್ಣದ ಕಲ್ಲು ಅಲ್ಲಿಯದೇ. ಹತ್ತು ದಿನಕ್ಕೆ ಎರಡು ಮೂರು ಟ್ರಿಪ್. ನದಿಗೆ ನೆರೆ ಬಂದ ದಿನಗಳಲ್ಲಿ ಕಾಲುವೆಗಳ ಮೂಲಕ ದೋಣಿ ಗೀಜಾ ಪ್ರಸ್ಥಭೂಮಿಯ ಬುಡಕ್ಕೇ ಬರುತ್ತಿತ್ತು. ಇಂದು ನದಿ ಅಲ್ಲಿಂದ ಕೆಲವು ಕಿಲೋಮೀಟರ್ ದೂರ ಸರಿದಿದೆ. ಆದರೆ ಆಗ ನೈಲ್‌ನ ಒಂದು ಕವಲು ಹತ್ತಿರದಲ್ಲೇ ಹರಿಯುತ್ತಿತ್ತು ಎಂಬುದನ್ನು ನೆಲದಾಳದ ಮಣ್ಣಿನಲ್ಲಿರುವ ಪರಾಗದಿಂದ ಲೆಕ್ಕ ಹಾಕಿದ್ದಾರೆ.

ಆ ಪುಸ್ತಕದಲ್ಲಿ ಮೇಲಧಿಕಾರಿಯ ಹೆಸರೂ ಇದೆ. ಅಂಖ್‌ಹಾಫ್, ಖುಫುವಿನ ಮಲಸಹೋದರ. ಅವನ ಮುಖದ ಶಿಲ್ಪ ಈಗ ಅಮೆರಿಕದ ಬೋಸ್ಟನ್ ಮ್ಯೂಸಿಯಮ್ಮಿನಲ್ಲಿದೆ. ಕೆನ್ನೆ ಇಳಿದ, ಕಣ್ಣ ಕೆಳಗೆ ಊದಿದ, ನಿದ್ದೆಗೆಟ್ಟ ಅಧಿಕಾರಿಯ ಮುಖ. ಸೈಟ್ ಇಂಜಿನಿಯರುಗಳನ್ನು ನೋಡಿದವರಿಗೆ ಗುರುತು ಹತ್ತುತ್ತದೆ.

ಇನ್ನು ಗುಲಾಮರ ವಿಷಯ. ಒಂದು ಲಕ್ಷ ಜನ ಮೂರು ಮೂರು ತಿಂಗಳ ಸರದಿಯಲ್ಲಿ ದುಡಿದರು ಎಂದು ಬರೆದವನು ಗ್ರೀಸಿನ ಹೆರೊಡೋಟಸ್. ಅವನು ಅಲ್ಲಿಗೆ ಹೋದಾಗಲೇ ಪಿರಮಿಡ್ಡಿಗೆ ಎರಡು ಸಾವಿರ ವರ್ಷ ವಯಸ್ಸಾಗಿತ್ತು. ಪಿರಮಿಡ್ಡಿನ ಮೇಲಿರುವ ಬರಹದಲ್ಲಿ ಕೆಲಸಗಾರರ ಮೂಲಂಗಿ, ಈರುಳ್ಳಿ, ಬೆಳ್ಳುಳ್ಳಿಗೆ ಆದ ಖರ್ಚು ಬರೆದಿದೆ ಎಂದು ಜೊತೆಗಿದ್ದವನು ಓದಿ ಹೇಳಿದನಂತೆ. ಗೈಡುಗಳು ಅಂದೂ ಹಾಗೇ, ಇಂದೂ ಹಾಗೇ. ಈಗಿನ ಪುರಾತತ್ವಜ್ಞರ ಅಂದಾಜು 20ರಿಂದ 30 ಸಾವಿರ ಜನ. ಅದರಲ್ಲಿ ಅಡುಗೆಯವರು, ಕುಂಬಾರರು, ದೋಣಿಯವರು ಎಲ್ಲ ಸೇರಿದ್ದಾರೆ.

1990ರಲ್ಲಿ ಗೀಜಾದಲ್ಲಿ ಒಂದು ಕುದುರೆ ಎಡವಿತು. ಎಡವಿದ್ದು ಹಸಿ ಇಟ್ಟಿಗೆಯ ಗೋಡೆಗೆ. ಅಗೆದರೆ ಪಿರಮಿಡ್ ಕಟ್ಟಿದವರ ಸಮಾಧಿಗಳು. ದೊರೆಯ ಪಿರಮಿಡ್ಡಿನ ಹತ್ತಿರದಲ್ಲೇ, ಪಕ್ಕದಲ್ಲಿ ರೊಟ್ಟಿ ಮತ್ತು ಬಿಯರ್ ಗಡಿಗೆ ಇಟ್ಟು ಹೂಳಿದ್ದಾರೆ. ಗುಲಾಮರಿಗೆ ಯಾರೂ ಅಷ್ಟು ಮರ್ಯಾದೆ ಕೊಡುವುದಿಲ್ಲ. ಬೆನ್ನು, ಮಂಡಿಯ ಮೂಳೆಗಳು ಸವೆದಿವೆ. ಮುರಿದ ಕೈಗಳನ್ನು ನೇರ ಮಾಡಿ ಕೂಡಿಸಿದ್ದಾರೆ. ಹತ್ತಿರದಲ್ಲೇ ಲೇನರ್ ಅಗೆದ ಕೆಲಸಗಾರರ ಊರು ಇದೆ. ಅದು ಖುಫುವಿನ ಮಗ ಖಫ್ರೆ, ಮೊಮ್ಮಗ ಮೆಂಕೌರೆ ಕಾಲದ್ದು. ಅಲ್ಲಿ ರೊಟ್ಟಿ ಸುಡುವ ದಪ್ಪ ಮಣ್ಣಿನ ಅಚ್ಚುಗಳು, ಎಳೆ ಪ್ರಾಯದ ದನಗಳ ಮೂಳೆ, ಕುರಿ ಮೇಕೆಯ ಮೂಳೆ ರಾಶಿ ರಾಶಿ ಸಿಕ್ಕಿವೆ.

ಹಾಗೆಂದು ಎಲ್ಲರೂ ಖುಷಿಯಿಂದ ಓಡಿ ಬಂದರು ಎನ್ನಲಾರೆ. ನಮ್ಮಲ್ಲಿ ಹಿಂದೆ ಬಿಟ್ಟಿ ಚಾಕರಿ ಎನ್ನುತ್ತಿದ್ದರಲ್ಲ, ಅದಕ್ಕೆ ಹತ್ತಿರದ ಪದ್ಧತಿ. ಊರೂರಿನಿಂದ ಸರದಿಯ ಮೇಲೆ ಬರಲೇಬೇಕು, ಊಟ ಬಟ್ಟೆಯ ಖರ್ಚು ರಾಜನದು. ನುರಿತ ಕಲ್ಲುಕುಟಿಗರು ಮಾತ್ರ ವರ್ಷವಿಡೀ ಅಲ್ಲೇ ಇರುತ್ತಿದ್ದರು. ಆದರೆ ತಂಡಗಳ ನಡುವೆ ಪೈಪೋಟಿ ಇತ್ತು. 'ಖುಫುವಿನ ಗೆಳೆಯರು' ಎಂದು ಒಂದು ತಂಡ, ಮೆಂಕೌರೆಯ ಕಾಲದಲ್ಲಿ 'ಮೆಂಕೌರೆಯ ಕುಡುಕರು' ಎಂದು ಇನ್ನೊಂದು. ಯಾರೂ ನೋಡಲಾಗದ ಒಳಕಲ್ಲುಗಳ ಮೇಲೆ ಕೆಂಪು ಬಣ್ಣದಲ್ಲಿ ಈ ಹೆಸರುಗಳನ್ನು ಬರೆದು ಹೋಗಿದ್ದಾರೆ. ಬೇರೆ ಲೋಕದವರು ಬಂದು ಕಟ್ಟಿದ್ದರೆ ತಮ್ಮ ತಂಡಕ್ಕೆ ಕುಡುಕರು ಎಂದು ಹೆಸರಿಡುತ್ತಿದ್ದರೇ?

ಇನ್ನೊಂದು ವಿಷಯ ನಿಮ್ಮ ಮಗನಿಗೆ ಹಿಡಿಸಬಹುದು. ಇವರು ಮೊದಲ ಏಟಿಗೇ ಗೆದ್ದವರಲ್ಲ. ಖುಫುವಿಗಿಂತ ಸುಮಾರು ನೂರು ವರ್ಷ ಮೊದಲು ಸಕ್ಕಾರಾದಲ್ಲಿ ದೊರೆ ಜೋಸರ್‌ಗೆ ಇಮ್‌ಹೊಟೆಪ್ ಕಟ್ಟಿಸಿದ ಮೆಟ್ಟಿಲು ಪಿರಮಿಡ್‌ನಲ್ಲಿ ಕಲ್ಲುಗಳು ಚಿಕ್ಕವು, ಇಟ್ಟಿಗೆಯಂತೆ ಜೋಡಿಸಿದ್ದಾರೆ. ಆಮೇಲೆ ಖುಫುವಿನ ಅಪ್ಪ ಸ್ನೆಫ್ರು ದಾಶೂರ್‌ನಲ್ಲಿ ಕಟ್ಟಿಸುವಾಗ 54 ಡಿಗ್ರಿ ಓರೆಯಲ್ಲಿ ಶುರು ಮಾಡಿದರು. ಬಿರುಕು ಬಿಟ್ಟಿತು. ಒಳಗಿನ ಕೋಣೆಗೆ ದೇವದಾರು ಮರದ ತೊಲೆ ಕೊಟ್ಟು ನಿಲ್ಲಿಸಿ, ಅರ್ಧದಲ್ಲೇ ಓರೆಯನ್ನು 43 ಡಿಗ್ರಿಗೆ ಇಳಿಸಿದರು. ಅದು ಇವತ್ತಿಗೂ ಬಗ್ಗಿದ ಪಿರಮಿಡ್ ಎಂದೇ ಹೆಸರಾಗಿ ನಿಂತಿದೆ. ಮುಂದಿನದನ್ನು ಭಯಕ್ಕೆ ಮೊದಲಿನಿಂದಲೇ 43 ಡಿಗ್ರಿಯಲ್ಲಿ ಕಟ್ಟಿದರು. ಪಕ್ಕಾ ಮನುಷ್ಯರ ಕೆಲಸ. ನಾವೂ ಹೀಗೇ ಕಲಿಯುವುದು. ಈ ಅನುಭವ ಆದ ಮೇಲೆ ಖುಫುವಿನದು ಬಂತು. ಗಟ್ಟಿ ಬಂಡೆಯ ಮೇಲೆ ಪಾಯ, ಅಂಚಿನಲ್ಲಿ ಪಾಯದ ಮಟ್ಟದ ವ್ಯತ್ಯಾಸ ಸುಮಾರು 2 ಸೆಂಟಿಮೀಟರ್ ಮಾತ್ರ. ತೂಗುಗುಂಡು, ನೂಲು, ಮರದ ಮಟ್ಟಗೋಲು ಇದ್ದರೆ ಒಬ್ಬ ಒಳ್ಳೆಯ ಮೇಸ್ತ್ರಿಗೆ ಅದು ಆಗದ ಕೆಲಸವಲ್ಲ. ನಡುವಿನ ಬಂಡೆಯನ್ನು ಅವರು ಮಟ್ಟ ಮಾಡಲೇ ಇಲ್ಲ, ಅದರ ಸುತ್ತ ಕಟ್ಟಿಬಿಟ್ಟರು.

ಪಿರಮಿಡ್ಡಿನಲ್ಲಿ ಪೈ ಅಡಗಿದೆ ಎಂದೂ ಆ ವಿಡಿಯೋ ಹೇಳಿರಬೇಕು. ಎತ್ತರ 280 ಮೊಳ, ಬದಿ 440 ಮೊಳ. ಸುತ್ತಳತೆಯನ್ನು ಎತ್ತರದಿಂದ ಭಾಗಿಸಿದರೆ 44/7 ಬರುತ್ತದೆ, ಅದು 22/7ರ ಎರಡರಷ್ಟು, ನಿಜ. ಅವರ ಮೊಳಕ್ಕೆ ಏಳು ಅಂಗೈ. ಒಂದು ಮೊಳ ಏರಿದರೆ ಐದೂವರೆ ಅಂಗೈ ಒಳಕ್ಕೆ ಎಂದು ಓರೆ ಇಟ್ಟಿದ್ದಾರೆ. ಆ ಓರೆಗೆ ಈ ಸಂಖ್ಯೆ ತಾನಾಗೇ ಬರುತ್ತದೆ.

ಮಾತಿಗಿಂತ ಒಂದು ಪ್ರಯೋಗ ಮಾಡಿಸಿ. ಅಗಲವಾದ ಟ್ರೇನಲ್ಲಿ ಒಣ ಮರಳು ಹರಡಿ. ಒಂದು ಇಟ್ಟಿಗೆಗೆ ದಾರ ಕಟ್ಟಿ, ಬ್ಯಾಗ್ ತೂಗುವ ಕೊಕ್ಕೆ ತಕ್ಕಡಿಯಿಂದ ಎಳೆದು ಎಷ್ಟು ತೋರಿಸುತ್ತದೆ ಎಂದು ಬರೆದುಕೊಳ್ಳಲಿ. ಆಮೇಲೆ ಇಪ್ಪತ್ತು ಲೋಟ ಮರಳಿಗೆ ಒಂದು ಲೋಟ ನೀರಿನಂತೆ ಕಲಸಿ, ಒತ್ತಿ ಸಮ ಮಾಡಿ ಮತ್ತೆ ಎಳೆಯಲಿ. ನೀರು ಜಾಸ್ತಿ ಸುರಿಯಬೇಡಿ. ಕೆಸರಾದರೆ ಇಟ್ಟಿಗೆ ಹೂತುಕೊಳ್ಳುತ್ತದೆ, ಎಳೆಯುವುದು ಮತ್ತೆ ಕಷ್ಟವಾಗುತ್ತದೆ.